ಮನೆಯ ಲೆಕ್ಕ ಮಕ್ಕಳಿಗೂ ಗೊತ್ತಿರಲಿ

ಮಾನ್ಯ ಸಂಪಾದಕರಿಗೆ,

ದ್ವಿತೀಯ ಪಿಯುಸಿ ಫಲಿತಾಂಶ ಬಂದ ದಿನದಿಂದ ಸಿಇಟಿ ಸೀಟು ಹಂಚಿಕೆ ಮುಗಿಯುವವರೆಗೆ ನಮ್ಮ ಪತ್ರಿಕೆಗಳು ಪೋಷಕರಿಗೆ ಧಾರಾಳವಾಗಿ ಮಾರ್ಗದರ್ಶನ ನೀಡುತ್ತವೆ. ಆಪ್ಷನ್ ಎಂಟ್ರಿ ಹೇಗೆ ಮಾಡಬೇಕು, ಯಾವ ಸುತ್ತಿನಲ್ಲಿ ಸೀಟು ಬಿಟ್ಟರೆ ಏನಾಗುತ್ತದೆ ಎಂಬುದರವರೆಗೆ ಎಲ್ಲವೂ ಅಚ್ಚಾಗುತ್ತದೆ. ಆದರೆ ಎಂಜಿನಿಯರಿಂಗ್ ಅಥವಾ ವೈದ್ಯಕೀಯದ ಹಾದಿ ಹಿಡಿಯದೆ ಬಿ.ಎ., ಬಿ.ಕಾಂ., ಬಿ.ಎಸ್ಸಿ., ಬಿಸಿಎ ಸೇರುವ ಮಕ್ಕಳ ತಂದೆತಾಯಿಗಳು ಪ್ರವೇಶದ ದಿನ ಶುಲ್ಕ ಕಟ್ಟಿ ಹೋದ ಮೇಲೆ, ಮುಂದಿನ ಮೂರು ವರ್ಷ ಮಗನಿಗೋ ಮಗಳಿಗೋ ಯಾವ ರೀತಿಯಲ್ಲಿ ನೆರವಾಗಬಹುದು ಎಂಬುದನ್ನು ಬರೆಯುವವರು ಕಡಿಮೆ. ರಾಜ್ಯದಲ್ಲಿರುವ ನಾಲ್ಕುನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಓದುತ್ತಿರುವವರಲ್ಲಿ, ತಮ್ಮ ಮನೆಯಿಂದ ಮೊದಲ ಬಾರಿಗೆ ಪದವಿಯ ಮೆಟ್ಟಿಲು ಹತ್ತಿದವರ ಸಂಖ್ಯೆ ದೊಡ್ಡದು. ಅವರ ತಂದೆತಾಯಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಪತ್ರ ಬರೆಯುತ್ತಿದ್ದೇನೆ.

ನಾನು ಹಾವೇರಿ ಜಿಲ್ಲೆಯ ಅಂಥದೇ ಒಂದು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸಿ ನಿವೃತ್ತನಾದವನು. ಕೊನೆಯ ಒಂಬತ್ತು ವರ್ಷ ಪಾಠದ ಜತೆಗೆ ಉದ್ಯೋಗ ಮಾಹಿತಿ ಘಟಕದ, ಅಂದರೆ ಎಲ್ಲರ ಬಾಯಲ್ಲಿರುವ ಪ್ಲೇಸ್‌ಮೆಂಟ್ ಸೆಲ್‌ನ, ಹೊಣೆಯೂ ನನ್ನ ಮೇಲಿತ್ತು. ಅಪರೂಪಕ್ಕೆ ಕಾಲೇಜಿಗೆ ಬರುವ ಪೋಷಕರು ನನ್ನನ್ನು ಕೇಳುತ್ತಿದ್ದುದು ಒಂದೇ ಪ್ರಶ್ನೆ: 'ಸರ, ಯಾವ ಕೋರ್ಸ್ ಮಾಡಿಸಿದ್ರ ಲಗೂನ ನೌಕರಿ ಸಿಗತೈತಿ?' ಮೊದಮೊದಲು ನಾನೂ ತಿಳಿದವನಂತೆ ಉತ್ತರ ಹೇಳುತ್ತಿದ್ದೆ. ಹಾಗೆ ಹೇಳಿದ ಉತ್ತರಗಳಲ್ಲಿ ಎಷ್ಟೋ ನಾಲ್ಕೈದು ವರ್ಷಗಳಲ್ಲೇ ಹಳಸಿದ್ದನ್ನು ಕಣ್ಣಾರೆ ಕಂಡ ಮೇಲೆ, ಉತ್ತರ ಕೊಡುವುದನ್ನು ಬಿಟ್ಟು ಮರುಪ್ರಶ್ನೆ ಕೇಳತೊಡಗಿದೆ. 'ಡಿಗ್ರಿ ಮುಗಿದ ಮೇಲೆ ಇವನು ಒಂದು ರೂಪಾಯಿ ದುಡಿಯದಿದ್ದರೂ ನೀವು ಎಷ್ಟು ತಿಂಗಳು ತಡೆದುಕೊಳ್ಳಬಲ್ಲಿರಿ? ಅದನ್ನು ಇವನಿಗೆ ಹೇಳಿದ್ದೀರಾ?' ಮೊದಲ ಪ್ರಶ್ನೆಗೆ ತಂದೆ ಸ್ವಲ್ಪ ಯೋಚಿಸಿ ಒಂದು ಲೆಕ್ಕ ಹೇಳುತ್ತಿದ್ದರು. ಎರಡನೆಯದಕ್ಕೆ ಅಪ್ಪ ಮಗನ ಮುಖ, ಮಗ ಅಪ್ಪನ ಮುಖ ನೋಡುತ್ತಿದ್ದುದೇ ಹೆಚ್ಚು.

ಇಡೀ ಪತ್ರದಲ್ಲಿ ನಾನು ಹೇಳಬೇಕೆಂದಿರುವುದು ಇದನ್ನೇ. ಯಾವ ವೃತ್ತಿ ಒಳ್ಳೆಯದು ಎಂಬುದನ್ನು ಮೇಷ್ಟ್ರು ಹೇಳಬಹುದು, ಸೀನಿಯರ್‌ಗಳು ಹೇಳಬಹುದು, ಮೊಬೈಲ್ ಕೂಡ ಹೇಳುತ್ತದೆ. ಆದರೆ ಈ ಮನೆ ಎಷ್ಟು ದುಡ್ಡು ಹೊಂದಿಸಬಲ್ಲದು, ಎಷ್ಟು ದಿನ ಕಾಯಬಲ್ಲದು ಎಂಬುದನ್ನು ತಂದೆತಾಯಿಗಳಲ್ಲದೆ ಬೇರೆ ಯಾರೂ ಹೇಳಲಾರರು. ಹಾಗಿದ್ದೂ ನಮ್ಮ ಮನೆಗಳಲ್ಲಿ ಮಕ್ಕಳಿಂದ ಮುಚ್ಚಿಡುವುದು ಅದನ್ನೇ. ಮನೆಯ ಸ್ಥಿತಿ ಗೊತ್ತಿಲ್ಲದ ಹುಡುಗ ಎರಡರಲ್ಲೊಂದು ತಪ್ಪು ಮಾಡುತ್ತಾನೆ. ಇಲ್ಲದ ದುಡ್ಡು ಇದೆಯೆಂದು ತಿಳಿದು ದುಬಾರಿ ದಾರಿ ಹಿಡಿಯುತ್ತಾನೆ, ಇಲ್ಲವೇ ಇರುವ ದುಡ್ಡನ್ನೂ ಇಲ್ಲವೆಂದುಕೊಂಡು ತನಗೆ ಸಲ್ಲುವ ದಾರಿಯನ್ನು ಬಾಯಿ ಬಿಟ್ಟು ಕೇಳದೆ ಬಿಟ್ಟುಬಿಡುತ್ತಾನೆ.

ಮೊದಲ ತಪ್ಪು ನಡೆದದ್ದು ನನ್ನ ಮನೆಯಲ್ಲೇ. ಮಗ ಪದವಿ ಮುಗಿಸಿ ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಎಂಬಿಎ ಮಾಡುತ್ತೇನೆ ಎಂದಾಗ, ಮನೆ ಕಟ್ಟಿಸಿದ ಸಾಲ ಇನ್ನೂ ತೀರಿರಲಿಲ್ಲ. ನೌಕರರ ಪತ್ತಿನ ಸಹಕಾರಿ ಸಂಘದಲ್ಲಿ ಮತ್ತೊಂದು ಸಾಲ ಎತ್ತಿದೆ, ಸಾಲದ್ದಕ್ಕೆ ಹೆಂಡತಿಯ ಪಾಟಲಿಗಳನ್ನು ಒತ್ತೆಯಿಟ್ಟೆ. ಮಗನಿಗೆ ಹೇಳಿದ್ದು ಇಷ್ಟೇ: 'ದುಡ್ಡಿನ ಚಿಂತಿ ನಿನಗ ಬ್ಯಾಡ, ನೀ ಓದು.' ಎರಡನೆಯ ವರ್ಷ ಯಾವುದೋ ಅರ್ಜಿಗೆ ನನ್ನ ವೇತನ ಚೀಟಿಯ ಜೆರಾಕ್ಸ್ ಮಾಡಿಸಲು ಹೋದವನು, ಅದರಲ್ಲಿದ್ದ ಕಡಿತದ ಕಲಂಗಳನ್ನು ಒಂದೊಂದಾಗಿ ಓದಿಕೊಂಡು ಮನೆಗೆ ಬಂದ. ಜಗಳವಾಡಲಿಲ್ಲ. 'ಅಪ್ಪಾ, ಇದನ್ನ ಮೊದಲ ಹೇಳಿದ್ರ ನಾ ಎರಡು ವರ್ಷ ಎಲ್ಲ್ಯಾದ್ರೂ ದುಡಿದು, ಆಮ್ಯಾಲ ಪಿಜಿಸಿಇಟಿ ಬರದು ಸರ್ಕಾರಿ ಸೀಟಿಗೆ ಹೋಗ್ತಿದ್ದೆ' ಎಂದ. ಓದು ಮುಗಿದೊಡನೆ ನನ್ನ ಸಾಲದ ಕಂತು ನೆನೆದು, ತಾನು ಕಲಿತ ಹಣಕಾಸು ವಿಷಯಕ್ಕೆ ಸಂಬಂಧವೇ ಇಲ್ಲದ, ರಾತ್ರಿ ಪಾಳಿಯ ಮೊದಲ ಕೆಲಸಕ್ಕೇ ಸೇರಿಕೊಂಡ. ಅವನು ನಿಶ್ಚಿಂತನಾಗಿ ಓದಲಿ ಎಂದು ನಾನು ಮುಚ್ಚಿಟ್ಟ ವಿಷಯವೇ ಅವನ ಆಯ್ಕೆಯ ಸ್ವಾತಂತ್ರ್ಯವನ್ನು ಕಿತ್ತುಕೊಂಡಿತು. ಮೂವತ್ತೊಂದು ವರ್ಷ ಮಕ್ಕಳಿಗೆ ಅಢಾವೆ ಪತ್ರಿಕೆ, ಅಂದರೆ ಆಸ್ತಿ-ಸಾಲಗಳ ಪಟ್ಟಿ, ಹೇಗೆ ಬರೆಯಬೇಕೆಂದು ಕಲಿಸಿದವನು ಸ್ವಂತ ಮನೆಯ ಅಢಾವೆಯನ್ನು ಸ್ವಂತ ಮಗನಿಗೆ ತೋರಿಸಿರಲಿಲ್ಲ.

ಎರಡನೆಯ ತಪ್ಪನ್ನು ಕಂಡದ್ದು ಕಾಲೇಜಿನಲ್ಲಿ. ರಸಾಯನಶಾಸ್ತ್ರದಲ್ಲಿ ತುಂಬ ಚೆನ್ನಾಗಿ ಅಂಕ ಗಳಿಸಿದ್ದ ಹುಡುಗಿಯೊಬ್ಬಳು ಎಂ.ಎಸ್ಸಿ.ಗೆ ಅರ್ಜಿಯನ್ನೇ ಹಾಕದೆ ರಾಣೆಬೆನ್ನೂರಿನ ಬಟ್ಟೆ ಅಂಗಡಿಯೊಂದರ ಬಿಲ್ಲಿಂಗ್ ಕೌಂಟರಿಗೆ ಸೇರಿದಳು. ಅಂಕಪಟ್ಟಿ ಒಯ್ಯಲು ಬಂದ ಅವಳ ತಂದೆ, ನಾಲ್ಕು ಎಕರೆ ಗೋವಿನಜೋಳದ ಹೊಲ ಮತ್ತು ಒಂದು ಹಿಟ್ಟಿನ ಗಿರಣಿ ಇರುವವರು, ನನ್ನೆದುರು ನಿಂತು, 'ಅಕೀ ಓದತೀನಿ ಅಂದಿದ್ರ ಓದಿಸ್ತಿದ್ದೆ ಸರ, ಎರಡು ಲಕ್ಷ ಎಫ್‌ಡಿ ಇಟ್ಟೀನಿ' ಎಂದರು. 'ಆ ಎಫ್‌ಡಿ ಓದಿಗೆ ಅಂತ ಅವಳಿಗೆ ಹೇಳಿದ್ರೇನ್ರಿ?' ಎಂದೆ. ಅವರು ಹೇಳಿರಲಿಲ್ಲ. ಮನೆಯಲ್ಲಿ ಎಫ್‌ಡಿ ಇದೆಯೆಂಬುದು ಹುಡುಗಿಗೆ ಗೊತ್ತಿತ್ತು, ಅದು ತನ್ನ ಮದುವೆಗೆಂದು ತಾನೇ ತಿಳಿದುಕೊಂಡಿದ್ದಳು. ಅಂಕಪಟ್ಟಿಯನ್ನು ಮಡಿಸಬಾರದೆಂದು ಕ್ಯಾಲೆಂಡರಿನ ಹಾಳೆಯಲ್ಲಿ ಸುತ್ತಿಕೊಂಡು ಅವರು ಇಳಿದುಹೋದ ಮೆಟ್ಟಿಲು ನನಗೆ ಈಗಲೂ ನೆನಪಿದೆ.

ಆದ್ದರಿಂದ ಮಗ ಅಥವಾ ಮಗಳು ಮೂರನೆಯ ಸೆಮಿಸ್ಟರಿಗೆ ಬಂದಾಗ ಒಂದು ರಾತ್ರಿ ಊಟವಾದ ಮೇಲೆ ಕೂರಿಸಿಕೊಂಡು, ತಿಂಗಳಿಗೆ ಇಷ್ಟು ಬರುತ್ತದೆ, ಇಷ್ಟು ಸಾಲವಿದೆ, ಅಕ್ಕನ ಮದುವೆಯೋ ಅಜ್ಜಿಯ ಆಪರೇಷನ್ನೋ ಮುಂದಿದೆ, ನಿನ್ನ ಓದಿಗೆ ಇನ್ನು ಇಷ್ಟು ಹೊಂದಿಸಬಹುದು, ಅದಕ್ಕಿಂತ ಹೆಚ್ಚು ಬೇಕಾದರೆ ಸಾಲ ಮಾಡಬೇಕಾಗುತ್ತದೆ ಎಂದು ಹಾಳೆಯ ಮೇಲೆ ಬರೆದು ತೋರಿಸಿದರೆ, ಅದು ಹತ್ತು ವೃತ್ತಿ ಮಾರ್ಗದರ್ಶನ ಶಿಬಿರಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಆದರೆ ತಿಳಿಸಿ ಹೇಳುವುದು ಬೇರೆ, ಹಂಗಿಸುವುದು ಬೇರೆ. 'ನಿನಗಾಗಿ ಎಷ್ಟು ಕಷ್ಟಪಟ್ಟಿದ್ದೇವೆ ನೋಡು' ಎಂಬ ಧಾಟಿಯಲ್ಲಿ ಈ ಲೆಕ್ಕ ಬಿಚ್ಚಿದರೆ ಮಕ್ಕಳು ಅಂಕಿಯನ್ನು ಬಿಟ್ಟು ಆ ಮಾತನ್ನು ಮಾತ್ರ ನೆನಪಿನಲ್ಲಿಟ್ಟುಕೊಳ್ಳುತ್ತಾರೆ. ಅಡಿಕೆ ಮಾರಿದ ಪಟ್ಟಿಯನ್ನೋ ಮೆಣಸಿನಕಾಯಿ ಚೀಲದ ಪಟ್ಟಿಯನ್ನೋ ಅಣ್ಣತಮ್ಮಂದಿರ ಮುಂದೆ ಹೇಗೆ ಓದುತ್ತೇವೆಯೋ ಅಷ್ಟೇ ನಿರ್ಲಿಪ್ತವಾಗಿ ಇದನ್ನು ಓದಬೇಕು.

ಸಾಲದ ವಿಷಯ ಬಂದದ್ದರಿಂದ ಒಂದು ಮಾತು. ಬ್ಯಾಂಕುಗಳು ಅನುಸರಿಸುವ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷ ರೂಪಾಯಿವರೆಗೆ ಆಸ್ತಿ ಅಡಮಾನ ಬೇಕಿಲ್ಲ. ಆದರೆ ತಂದೆ ಅಥವಾ ತಾಯಿ ಸಹ ಸಾಲಗಾರರಾಗಿ ಸಹಿ ಹಾಕಬೇಕು, ಆಗ ಅವರ ಹಳೆಯ ಸಾಲದ ಚರಿತ್ರೆಯನ್ನು ಬ್ಯಾಂಕು ನೋಡಿಯೇ ನೋಡುತ್ತದೆ. ಬೆಳೆ ಸಾಲವೋ ಟ್ರ್ಯಾಕ್ಟರ್ ಸಾಲವೋ ಸುಸ್ತಿಯಾಗಿದ್ದ ಕಾರಣಕ್ಕೆ ಮಗಳ ಅರ್ಜಿ ಮೂಲೆ ಸೇರಿದ ಪ್ರಸಂಗಗಳನ್ನು ನಾನು ಬಲ್ಲೆ. ಪದವಿಯ ನಂತರ ಸಾಲ ಬೇಕಾದೀತು ಎನ್ನಿಸಿದರೆ ಅದನ್ನು ಎರಡು ವರ್ಷ ಮೊದಲೇ ಸರಿಪಡಿಸಿಕೊಳ್ಳಬೇಕಾದವರು ಅಪ್ಪ, ಮಗಳಲ್ಲ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಅಡಮಾನವೂ ಬೇಡ, ಜಾಮೀನುದಾರರೂ ಬೇಡ. ಆದರೆ ಅದು ಅನ್ವಯಿಸುವುದು ಆಯ್ದ ಸಂಸ್ಥೆಗಳಿಗೆ ಮಾತ್ರ. ಸೇರಬೇಕೆಂದಿರುವ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂದು ಮುಂಗಡ ಕಟ್ಟುವ ಮೊದಲು ನೋಡಿಕೊಳ್ಳುವುದು ಒಳ್ಳೆಯದು.

ದುಡ್ಡಿನಷ್ಟೇ ಮುಖ್ಯವಾದದ್ದು ಸಮಯ, ಮತ್ತು ಸಮಯವನ್ನು ತಿನ್ನುವ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ: 'ಡಿಗ್ರಿ ಮುಗೀಲಿ ತಗೋರಿ, ಆಮ್ಯಾಗ ನೋಡೂಣು.' ಡಿಗ್ರಿ ಮುಗಿದ ಮೇಲೆ ನೋಡಿದರೆ ಅನೇಕ ಬಾಗಿಲುಗಳು ಆ ವರ್ಷದ ಮಟ್ಟಿಗೆ ಮುಚ್ಚಿಹೋಗಿರುತ್ತವೆ. ಐಐಟಿಗಳಲ್ಲಿ ಎಂ.ಎಸ್ಸಿ. ಮಾಡಲು ಬರೆಯಬೇಕಾದ ಜ್ಯಾಮ್ ಪರೀಕ್ಷೆ ನಡೆಯುವುದು ಫೆಬ್ರವರಿಯಲ್ಲಿ. ಅದಕ್ಕೆ ಅರ್ಜಿ ಕರೆಯುವುದು ಹಿಂದಿನ ವರ್ಷದ ದಸರೆಯ ಆಸುಪಾಸಿನಲ್ಲಿ, ಅಂದರೆ ವಿದ್ಯಾರ್ಥಿ ಇನ್ನೂ ಐದನೆಯ ಸೆಮಿಸ್ಟರಿನಲ್ಲಿರುವಾಗ. ಬಿ.ಕಾಂ.ನಲ್ಲಿ ಶೇ 55 ಅಂಕ ಪಡೆದವರು ಸಿ.ಎ. ಫೌಂಡೇಷನ್ ಬರೆಯದೆ ನೇರವಾಗಿ ಇಂಟರ್‌ಮೀಡಿಯೆಟ್ ಹಂತಕ್ಕೆ ನೋಂದಾಯಿಸಿಕೊಳ್ಳಬಹುದು. 2023ರ ಹೊಸ ವ್ಯವಸ್ಥೆಯಲ್ಲಿ ಲೆಕ್ಕಪರಿಶೋಧಕರ ಕೈಕೆಳಗೆ ಪಡೆಯಬೇಕಾದ ಆರ್ಟಿಕಲ್‌ಶಿಪ್ ತರಬೇತಿ ಮೂರು ವರ್ಷದಿಂದ ಎರಡು ವರ್ಷಕ್ಕೆ ಇಳಿದಿದೆ. ಇದು ಗೊತ್ತಿದ್ದ ಹುಡುಗ ಮೊದಲ ವರ್ಷದಿಂದಲೇ ಆ ಐವತ್ತೈದರ ಗೆರೆಯ ಮೇಲೆ ಕಣ್ಣಿಡುತ್ತಾನೆ, ಗೊತ್ತಿಲ್ಲದವನು ಐವತ್ಮೂರಕ್ಕೆ ಪಾಸಾಗಿ ಆಮೇಲೆ ಕೇಳಲು ಬರುತ್ತಾನೆ. ಪೋಷಕರಿಗೆ ಈ ವಿವರಗಳೆಲ್ಲ ಬಾಯಿಪಾಠ ಇರಬೇಕಿಲ್ಲ. 'ನೀನು ಮಾಡಬೇಕೆಂದಿರುವುದಕ್ಕೆ ಅರ್ಜಿ ಯಾವ ತಿಂಗಳು ಬರುತ್ತದೆ?' ಎಂದು ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಕೇಳಿದರೆ ಸಾಕು.

ಇಲ್ಲಿ ನಮ್ಮ ವ್ಯವಸ್ಥೆಯ ತಪ್ಪೂ ಇದೆ ಎಂದು ಒಪ್ಪಿಕೊಳ್ಳಬೇಕು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ನಾಲ್ಕು ವರ್ಷದ ಆನರ್ಸ್ ಪದವಿಯ ವ್ಯವಸ್ಥೆ ಬಂತು. ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ನಂತರ 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ಒಂದೇ ಕಾರಿಡಾರಿನಲ್ಲಿ ಎರಡು ಬಗೆಯ ಪಠ್ಯಕ್ರಮ ಓದುವ ಮಕ್ಕಳು ಓಡಾಡುತ್ತಿದ್ದಾಗ, 'ನಮ್ಮ ಹುಡುಗಂದು ಮೂರೋ ನಾಲ್ಕೋ?' ಎಂದು ಕೇಳಿದ ತಂದೆಗೆ ಹಾಜರಿ ಪುಸ್ತಕ ತೆರೆದು ನೋಡಿ ಉತ್ತರಿಸಬೇಕಾದ ಸ್ಥಿತಿ ನನಗೂ ಬಂದಿತ್ತು.

ಸ್ಪರ್ಧಾತ್ಮಕ ಪರೀಕ್ಷೆಗಳ ವಿಷಯಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡಬೇಕಾಗಿದೆ, ಏಕೆಂದರೆ ನಮ್ಮ ಭಾಗದಲ್ಲಿ ವೃತ್ತಿ ಯೋಜನೆ ಎಂದರೆ ಬಹಳಷ್ಟು ಮನೆಗಳಲ್ಲಿ ಧಾರವಾಡಕ್ಕೆ ಕಳಿಸುವುದು ಎಂದೇ ಅರ್ಥ. ಸಪ್ತಾಪುರದ ಓಣಿಗಳಲ್ಲಿ ಒಂದು ಕೊಠಡಿ, ಒಂದು ಮೆಸ್, ಬೆಳಗಿನಿಂದ ರಾತ್ರಿಯವರೆಗೆ ಕೂರಲು ಒಂದು ರೀಡಿಂಗ್ ರೂಮಿನ ಕುರ್ಚಿ, ಜತೆಗೆ ಕೋಚಿಂಗ್ ಶುಲ್ಕ. ನಾನು ಆ ದಾರಿಯನ್ನು ಹಳಿಯುವವನಲ್ಲ, ನನ್ನ ವಿದ್ಯಾರ್ಥಿಗಳಲ್ಲಿ ಅಲ್ಲಿಂದಲೇ ಎಫ್‌ಡಿಎ, ಪೊಲೀಸ್, ಬ್ಯಾಂಕ್ ಹುದ್ದೆಗಳಿಗೆ ಹೋದವರಿದ್ದಾರೆ. ಆದರೆ ಅಂಕಿಅಂಶವನ್ನು ತಂದೆತಾಯಿಯೂ ಮಕ್ಕಳೂ ಒಟ್ಟಿಗೆ ಕೂತು ನೋಡಬೇಕು. 2023ರ ಯುಪಿಎಸ್‌ಸಿ ನಾಗರಿಕ ಸೇವಾ ಪೂರ್ವಭಾವಿ ಪರೀಕ್ಷೆಯನ್ನು ಬರೆದವರು 5,92,141 ಮಂದಿ, ಕೊನೆಗೆ ಆಯ್ಕೆಯಾದವರು 1,016. ಸಾವಿರಕ್ಕೆ ಇಬ್ಬರೂ ಇಲ್ಲ. ರಾಜ್ಯದ ನೇಮಕಾತಿಗಳದ್ದು ಇನ್ನೊಂದು ಕಥೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆ ಅಕ್ರಮದ ಕಾರಣಕ್ಕೆ 2022ರ ಏಪ್ರಿಲಿನಲ್ಲಿ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಅದೇ ವರ್ಷದ ಅಕ್ಟೋಬರಿನಲ್ಲಿ, ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಹೊರಡಿಸದಿರಲು ಸಚಿವ ಸಂಪುಟ ನಿರ್ಧರಿಸಿತು. ಸಂಪುಟ ಆ ತೀರ್ಮಾನ ಮಾಡಿದ್ದು 2025ರ ಆಗಸ್ಟಿನಲ್ಲಿ. ಒಳಮೀಸಲಾತಿಯ ನ್ಯಾಯ ಬೇರೆ ಚರ್ಚೆ, ಅದು ಆಗಬೇಕಾದದ್ದೇ. ನಾನು ಹೇಳುತ್ತಿರುವುದು, ಈ ತಡಗಳಲ್ಲಿ ಕೊಠಡಿಯಲ್ಲಿ ಕೂತ ಹುಡುಗನ ತಪ್ಪು ಏನೂ ಇರಲಿಲ್ಲ ಎಂಬುದನ್ನು. ಜಾತ್ರೆಗೆ ಊರಿಗೆ ಬಂದವನನ್ನು 'ಇನ್ನೂ ಓದಾಕತ್ತೀಯೇನ?' ಎಂದು ಹತ್ತು ಜನರೆದುರು ಕೇಳುವ ತಂದೆಗೆ ಇದು ಗೊತ್ತಿರಬೇಕು.

ಇದಕ್ಕೆ ನಾನು ಕಂಡ ಒಳ್ಳೆಯ ಉಪಾಯ ಒಬ್ಬ ದರ್ಜಿಯದು. ಅವರು ಮಗನಿಗೆ, 'ಎರಡು ವರ್ಷ ತಿಂಗಳಿಗೆ ಎಂಟು ಸಾವಿರ ಕಳಸ್ತೀನಿ. ಅಷ್ಟರಾಗ ಎಷ್ಟು ಪರೀಕ್ಷಾ ಬರತಾವೋ ಅಷ್ಟೂ ಬರಿ. ಮೂರನೇ ವರ್ಷದಿಂದ ದುಡಕೋತ ಓದು, ಬ್ಯಾಡ ಅನ್ನಂಗಿಲ್ಲ' ಎಂದು ಹೋಗುವ ದಿನವೇ ಹೇಳಿದರು. ಗಡುವು ಮೊದಲೇ ಗೊತ್ತಿದ್ದುದರಿಂದ ಹುಡುಗ ಕೆಎಎಸ್ ಒಂದನ್ನೇ ನೆಚ್ಚಿಕೊಳ್ಳದೆ ಬ್ಯಾಂಕಿನ ಪರೀಕ್ಷೆಗಳನ್ನೂ ಬರೆದ. ಕನ್ನಡ ಮಾಧ್ಯಮದಲ್ಲಿ ಓದಿದವರು ಕೇಂದ್ರದ ಪರೀಕ್ಷೆಗಳನ್ನು ತಮ್ಮದಲ್ಲವೆಂದು ಬಿಡುವುದು ಇನ್ನೂ ನಿಂತಿಲ್ಲ. ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಕ್ಲರ್ಕ್ ಪರೀಕ್ಷೆಯನ್ನೂ, 2023ರಿಂದ ಕೇಂದ್ರದ ಸಿಬ್ಬಂದಿ ಆಯ್ಕೆ ಆಯೋಗ ಎಸ್‌ಎಸ್‌ಸಿಯ ಎಂಟಿಎಸ್‌ನಂಥ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು ಎಂಬುದನ್ನು ನಿಮ್ಮ ಪತ್ರಿಕೆ ಇನ್ನಷ್ಟು ದಪ್ಪ ಅಕ್ಷರದಲ್ಲಿ ಹಾಕಬೇಕೆಂದು ಕೇಳಿಕೊಳ್ಳುತ್ತೇನೆ. ಆ ದರ್ಜಿಯ ಮಗನಿಗೆ ಗಡುವು ಮುಗಿಯಲು ನಾಲ್ಕು ತಿಂಗಳಿರುವಾಗ ಗ್ರಾಮೀಣ ಬ್ಯಾಂಕಿನಲ್ಲಿ ಕೆಲಸವಾಯಿತು. ಆಗದಿದ್ದರೂ ಆ ಮನೆಯಲ್ಲಿ ಮಾತು ಮುರಿಯುತ್ತಿರಲಿಲ್ಲ ಎಂಬುದು ನನಗೆ ಹೆಚ್ಚು ಮುಖ್ಯವಾಗಿ ಕಂಡಿತು.

ತಂದೆತಾಯಿಯ ಕೈಯಲ್ಲೇ ಇರುವ ಇನ್ನೊಂದು ಕೆಲಸ ಕಾಗದಪತ್ರಗಳದ್ದು. ಇದು ಸಣ್ಣ ವಿಷಯವೆಂದು ತೋರಬಹುದು, ಆದರೆ ನನ್ನ ಅನುಭವದಲ್ಲಿ ಹುದ್ದೆ ಕೈತಪ್ಪಿದ್ದು ಜ್ಞಾನದ ಕೊರತೆಯಿಂದ ಎಷ್ಟೋ, ಕಾಗದದ ಕೊರತೆಯಿಂದಲೂ ಅಷ್ಟೇ. ರಾಜ್ಯದ ನೇರ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 25, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5ರ ಮೀಸಲಾತಿ ಇದೆ. ಅದಕ್ಕೆ ಬೇಕಾದ ನಮೂನೆಗಳಿಗೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರಿಂದ ಹಿಡಿದು ಕ್ಷೇತ್ರ ಶಿಕ್ಷಣಾಧಿಕಾರಿಯವರೆಗೆ ಸಹಿ ಬೀಳಬೇಕು, ಅದೂ ಅರ್ಜಿಯ ಕೊನೆಯ ದಿನದೊಳಗೆ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರುವುದು ಅರ್ಜಿ ತುಂಬುವ ರಾತ್ರಿಯೇ ಗೊತ್ತಾಗುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಅಡ್ಡಹೆಸರು ಸೇರಿ ಇನ್ನೊಂದು ಹೆಸರು ಇರುವುದಂತೂ ಉತ್ತರ ಕರ್ನಾಟಕದ ಮನೆಮನೆಯ ಕಥೆ. ಪರೀಕ್ಷೆಗೆ ಓದುತ್ತಿರುವವನು ನಾಡಕಚೇರಿ, ಬಿಇಒ ಕಚೇರಿ ಎಂದು ಅಲೆಯುವ ಬದಲು, ಸಂತೆಗೆ ತಾಲ್ಲೂಕಿಗೆ ಹೋಗಿಯೇ ಹೋಗುವ ತಂದೆ ಈ ಕೆಲಸ ಹೊತ್ತುಕೊಂಡರೆ ಅದೇ ದೊಡ್ಡ ಬೆಂಬಲ. ಒಬ್ಬ ತಾಯಿ ಮಗಳ ಎಲ್ಲ ಪ್ರಮಾಣಪತ್ರಗಳನ್ನು ಪ್ಲಾಸ್ಟಿಕ್ ಫೈಲಿನಲ್ಲಿಟ್ಟು, ಪ್ರತಿಯೊಂದರ ಅವಧಿ ಮುಗಿಯುವ ದಿನವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಗುರುತು ಹಾಕಿದ್ದನ್ನು ಕಂಡಿದ್ದೇನೆ. ಅವರು ಓದಿದ್ದು ಏಳನೆಯ ತರಗತಿ.

ಕೆಲಸಗಳನ್ನು ಕಣ್ಣಿನಿಂದ ನೋಡಲು ಅವಕಾಶ ಮಾಡಿಕೊಡುವುದೂ ಪೋಷಕರಿಂದ ಸಾಧ್ಯ. ನಮ್ಮ ಮಕ್ಕಳಿಗೆ ಗೊತ್ತಿರುವ ಉದ್ಯೋಗಗಳೆಂದರೆ ಶಿಕ್ಷಕ, ಪೊಲೀಸ್, ಬ್ಯಾಂಕು ಮತ್ತು 'ಬೆಂಗಳೂರಿನ ಕಂಪನಿ'. ಬ್ಯಾಡಗಿ ಮಾರುಕಟ್ಟೆಗೆ ಚೀಲ ಒಯ್ಯುವ ತಂದೆ ಬಿ.ಕಾಂ. ಓದುವ ಮಗಳನ್ನು ಒಂದು ದಿನ ಜತೆಗೆ ಕರೆದೊಯ್ದರೆ, ದಲಾಲರ ಅಂಗಡಿಯ ಲೆಕ್ಕ, ಕೋಲ್ಡ್ ಸ್ಟೋರೇಜಿನ ದಾಸ್ತಾನು ಪುಸ್ತಕ, ಹೊರರಾಜ್ಯಕ್ಕೆ ಹೋಗುವ ಲಾರಿಯ ಇ-ವೇ ಬಿಲ್ ಇವನ್ನೆಲ್ಲ ಯಾರೋ ಸಂಬಳಕ್ಕೆ ಮಾಡುತ್ತಿದ್ದಾರೆ ಎಂಬುದು ಅವಳಿಗೆ ಗೊತ್ತಾಗುತ್ತದೆ. ರಾಣೆಬೆನ್ನೂರಿನ ಬೀಜದ ವ್ಯಾಪಾರವನ್ನು ನೋಡಿದ ಬಿ.ಎಸ್ಸಿ. ಹುಡುಗನಿಗೆ ಸಸ್ಯಶಾಸ್ತ್ರದ ಪುಸ್ತಕ ಬೇರೆಯಾಗಿ ಕಾಣುತ್ತದೆ. ರಜೆಯಲ್ಲಿ ಒಂದು ತಿಂಗಳು ಪರಿಚಯದ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೂರಿಸಲು ಬೇಕಾದದ್ದು ಒಂದು ಫೋನ್ ಕರೆ. 'ಪುಕ್ಕಟೆ ಯಾಕ ದುಡೀಬೇಕು?' ಎಂದು ಅದನ್ನು ತಡೆಯುವ ಅಪ್ಪಂದಿರನ್ನು ನಾನು ಬಹಳ ಕಷ್ಟಪಟ್ಟು ಒಪ್ಪಿಸಿದ್ದೇನೆ. ಸಂಬಳವಿಲ್ಲದೆ ವರ್ಷಗಟ್ಟಲೆ ದುಡಿಸಿಕೊಳ್ಳುವವರೂ ಇದ್ದಾರೆ, ಅಲ್ಲಿ ಅವರ ಅನುಮಾನ ಸರಿಯೇ. ಆದರೆ 1961ರ ಅಪ್ರೆಂಟಿಸ್ ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾದ ಮೇಲೆ ಎಂಜಿನಿಯರಿಂಗ್ ಓದದ ಪದವೀಧರರೂ ಶಿಷ್ಯವೇತನ ಸಹಿತ ತರಬೇತಿ ಪಡೆಯಬಹುದು. 2024ರ ಅಕ್ಟೋಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯಲ್ಲಿ ಮೊದಲಿಗೆ ತಿಂಗಳಿಗೆ 5,000 ರೂಪಾಯಿ ಗೊತ್ತುಮಾಡಿದ್ದರು. ನಮ್ಮದೇ ರಾಜ್ಯದ ಯುವನಿಧಿ, ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿಯಂತೆ ಎರಡು ವರ್ಷದವರೆಗೆ ಬರುತ್ತದೆ. ಅದು ಮನೆಯ ಕಿರಾಣಿ ಲೆಕ್ಕಕ್ಕೆ ಸೇರದೆ ಅರ್ಜಿ ಶುಲ್ಕ, ಬಸ್ ಚಾರ್ಜು, ಕಂಪ್ಯೂಟರ್ ತರಗತಿಗೆ ಉಳಿಯುವಂತೆ ನೋಡಿಕೊಳ್ಳುವುದು ಹಿರಿಯರ ಔದಾರ್ಯಕ್ಕೆ ಬಿಟ್ಟದ್ದು.

ಹೆಣ್ಣುಮಕ್ಕಳ ವಿಷಯದಲ್ಲಿ ಲೆಕ್ಕ ಹೇಳುವುದೊಂದೇ ಸಾಲದು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹುಬ್ಬಳ್ಳಿ, ದಾವಣಗೆರೆಯ ಉದ್ಯೋಗ ಮೇಳಗಳಿಗೆ ನಮ್ಮ ಹುಡುಗಿಯರು ಮನೆಯಲ್ಲಿ ಬಸ್ಸಿನ ದುಡ್ಡು ಕೇಳದೆ ಬರತೊಡಗಿದ್ದನ್ನು ನಾನೇ ನೋಡಿದ್ದೇನೆ. ಅಂಥದೊಂದು ಮೇಳದಲ್ಲಿ ಬೆಂಗಳೂರಿನ ಸಂಸ್ಥೆಯೊಂದು ನನ್ನ ವಿದ್ಯಾರ್ಥಿನಿಯನ್ನು ಲೆಕ್ಕಪತ್ರ ವಿಭಾಗಕ್ಕೆ ಆರಿಸಿ, ಸಂಜೆ ನಾಲ್ಕರೊಳಗೆ ಒಪ್ಪಿಗೆ ಹೇಳಲು ತಿಳಿಸಿತು. ಅವಳು ತಂದೆಗೆ ಫೋನ್ ಮಾಡಿದಳು. ತಂದೆ ದೊಡ್ಡಪ್ಪನನ್ನು ಕೇಳಿ ಹೇಳುತ್ತೇನೆಂದರು. ದೊಡ್ಡಪ್ಪ ಹೊಲದಲ್ಲಿದ್ದರು, ಅಲ್ಲಿ ನೆಟ್‌ವರ್ಕ್ ಇರಲಿಲ್ಲ. ನಾಲ್ಕೂ ಇಪ್ಪತ್ತಕ್ಕೆ ಆ ಟೇಬಲ್ಲಿನವರು ಬ್ಯಾನರ್ ಮಡಿಸತೊಡಗಿದಾಗಲೂ ಹುಡುಗಿ ಫೋನನ್ನು ಎರಡೂ ಕೈಯಲ್ಲಿ ಹಿಡಿದು ನಿಂತೇ ಇದ್ದಳು. ದೂರದೂರಿಗೆ ಕಳಿಸುತ್ತೇವೋ ಇಲ್ಲವೋ, ಕಳಿಸಿದರೆ ಎಲ್ಲಿಯವರೆಗೆ, ಯಾವ ಸಂಬಳಕ್ಕೆ ಎಂಬ ಮಾತು ಮೇಳಕ್ಕೆ ಹೊರಡುವ ಹಿಂದಿನ ರಾತ್ರಿಯೇ ಮನೆಯಲ್ಲಿ ತೀರ್ಮಾನವಾಗಿರಬೇಕಿತ್ತು.

ಮುಂದಿನ ವರ್ಷ ಇನ್ನೊಬ್ಬ ಹುಡುಗಿಗೆ ಅಂಥದೇ ಕೆಲಸ ಸಿಕ್ಕಿತು. ಅವಳ ತಾಯಿ ಅಂಗನವಾಡಿ ಸಹಾಯಕಿ, ಬೆಂಗಳೂರನ್ನು ಒಮ್ಮೆಯೂ ಕಂಡವರಲ್ಲ. ಮಗಳ ಜತೆ ಹೋಗಿ ಮೂರು ಪಿ.ಜಿ. ನೋಡಿದರು. ಬಚ್ಚಲಿನ ಚಿಲಕ ಹಾಕಿ ತೆಗೆದು ನೋಡಿದರು, ನೀರು ಎಷ್ಟು ಹೊತ್ತಿಗೆ ಬರುತ್ತದೆಂದು ಕೇಳಿದರು, ರಾತ್ರಿ ಎಂಟರ ಮೇಲೆ ಬಸ್‌ಸ್ಟಾಪಿನಿಂದ ಗೇಟಿನವರೆಗೆ ತಾವೇ ನಡೆದು ದೀಪ ಇದೆಯೇ ಎಂದು ನೋಡಿದರು, ಮೆಸ್ಸಿನ ಸಾರನ್ನು ಬೆರಳಲ್ಲಿ ನೆಕ್ಕಿ 'ಇರಲಿ, ನಡೀತೈತಿ' ಎಂದರಂತೆ. ಅಂದೇ ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಹಾವೇರಿಗೆ ವಾಪಸಾದರು. ಆ ಹುಡುಗಿ ಈಗ ಅದೇ ಊರಿನಲ್ಲಿ ಎರಡನೆಯ ಕಂಪನಿಯಲ್ಲಿದ್ದಾಳೆ. ವೃತ್ತಿ ಯೋಜನೆಗೆ ಪೋಷಕರ ಬೆಂಬಲ ಎಂಬ ದೊಡ್ಡ ಮಾತಿನ ಬಗ್ಗೆ ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ತಾಯಿ ಹಾಕಿ ತೆಗೆದ ಚಿಲಕ.

ಕೊನೆಯದಾಗಿ ಕಾಲೇಜು ಶಿಕ್ಷಣ ಇಲಾಖೆಗೆ ನಿಮ್ಮ ಪತ್ರಿಕೆಯ ಮೂಲಕ ಒಂದು ಕೋರಿಕೆ. ಪದವಿ ಕಾಲೇಜುಗಳಲ್ಲಿ ಪೋಷಕರ ಸಭೆ ಕಡತದಲ್ಲಿ ಪ್ರತಿ ವರ್ಷ ನಡೆಯುತ್ತದೆ, ನಿಜವಾಗಿ ನಡೆಯುವುದು ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್ ತಂಡ ಬರುವ ವರ್ಷ. ನಡೆದಾಗಲೂ ಹಾಜರಾತಿಯ ಕೊರತೆ, ಮೊಬೈಲಿನ ಹಾವಳಿ ಎಂಬ ದೂರುಗಳನ್ನು ನಾವು ಅಧ್ಯಾಪಕರು ಓದುತ್ತೇವೆ, ಅವರು ತಲೆ ತಗ್ಗಿಸಿ ಕೇಳಿ ಚಹಾ ಕುಡಿದು ಹೋಗುತ್ತಾರೆ. ಇದರ ಬದಲು ಮೂರನೆಯ ಸೆಮಿಸ್ಟರಿನಲ್ಲಿ ಒಂದು ಸಭೆ ಕರೆದು, ಮುಂದಿನ ಹದಿನೆಂಟು ತಿಂಗಳಲ್ಲಿ ಬರುವ ಪ್ರವೇಶ ಪರೀಕ್ಷೆಗಳು, ನೇಮಕಾತಿಗಳು, ಅವಕ್ಕೆ ಬೇಕಾದ ಕಾಗದಗಳು ಮತ್ತು ಅಂದಾಜು ಖರ್ಚು ಇಷ್ಟನ್ನು ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಮುದ್ರಿಸಿ ಪ್ರತಿ ಪೋಷಕರ ಕೈಗೂ ಕೊಡಬಹುದು. ಅತಿಥಿ ಉಪನ್ಯಾಸಕರ ಮೇಲೆಯೇ ನಡೆಯುತ್ತಿರುವ ಕಾಲೇಜುಗಳಲ್ಲೂ ಇದು ಆಗದ ಕೆಲಸವಲ್ಲ. ಸಭೆಯನ್ನು ಎರಡನೆಯ ಶನಿವಾರವೋ ಕಚೇರಿಗೆ ಅನುಕೂಲವಾದ ಇನ್ನಾವ ದಿನವೋ ಇಡಬೇಡಿ. ನಮ್ಮ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಇಂದಿಗೂ ಸೋಮವಾರ ಎತ್ತಿನ ಹೆಗಲಿಗೆ ನೊಗ ಹೂಡುವುದಿಲ್ಲ. ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ ಕರೆದರೆ ಅಪ್ಪಂದಿರು ಬರುತ್ತಾರೆ. ಅಮ್ಮಂದಿರಿಗೆ ಬಸ್ಸು ಹೇಗೂ ಉಚಿತವಿದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ವಾಣಿಜ್ಯಶಾಸ್ತ್ರ ಅಧ್ಯಾಪಕ,
ಹಾವೇರಿ ಜಿಲ್ಲೆ